ಕುಡಿದದ್ದರ ಕುರುಹು ಬಿಡದ ಲಾಂಡ್ರಿ ವ್ಯಾನಿನ ಇಂಜಿನ್ ಅವರಿಗೆ

ಮಾನ್ಯ ಇಂಜಿನ್ ಮಹಾಶಯರೇ,

ತಮ್ಮ ಬಾನೆಟ್ಟಿನ ಸನ್ನಿಧಿಗೆ ನಮ್ಮ ಲಾಂಡ್ರಿಯ ಸಮಸ್ತರ ಪರವಾಗಿ, ಒಂದು ಸುಕ್ಕೂ ಇಲ್ಲದಂತೆ ಇಸ್ತ್ರಿ ಮಾಡಿದ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಈ ಪತ್ರ ತಲುಪುವ ಹೊತ್ತಿಗೆ ತಾವು ತಣ್ಣಗಿದ್ದೀರೆಂದು ನಂಬಿದ್ದೇನೆ, ಏಕೆಂದರೆ ತಾವು ಬಿಸಿಯಾಗಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದು ಕುಶಲ ವಿಚಾರಿಸಿದ್ದರ ಫಲವಾಗಿ ನನ್ನ ಎಡಗೆನ್ನೆ ಇನ್ನೂ ಕೆಂಪಗಿದೆ. ಇಪ್ಪತ್ತೆರಡು ವರ್ಷಗಳಿಂದ ಆಸ್ಪತ್ರೆಯ ಬೆಡ್‌ಶೀಟು, ಹೋಟೆಲಿನ ಟವೆಲ್ಲು, ಬ್ಯಾಂಕಿನವರ ಪರದೆಗಳನ್ನು ಹೊತ್ತು ಊರೆಲ್ಲ ಸುತ್ತುತ್ತಿರುವ ತಮ್ಮನ್ನು ಹೊಗಳಲು ನನ್ನಲ್ಲಿ ಪದಗಳೇ ಇಲ್ಲ. ಇರುವ ಪದಗಳನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ.

ತಾವು ವಾರಕ್ಕೊಂದು ಬಾಟಲಿ ಕೂಲೆಂಟ್, ತಿಂಗಳಿಗೆರಡು ಲೋಟ ಇಂಜಿನ್ ಆಯಿಲ್ ಸೇವಿಸುತ್ತೀರೆಂಬುದು ನನ್ನ ದೂರಲ್ಲ. ವಯಸ್ಸಾದವರ ತುತ್ತು ಎಣಿಸುವ ಮನೆ ನಮ್ಮದಲ್ಲ. ಸೇವಿಸಿದ್ದನ್ನು ಎಲ್ಲಿಗೆ ಕಳಿಸುತ್ತೀರೆಂಬುದರ ಸಣ್ಣ ಸುಳಿವನ್ನೂ ಕೊಡುವುದಿಲ್ಲವಲ್ಲ, ಅದೇ ನನ್ನ ಸಂಕಟ. ತಮ್ಮ ಕೆಳಗೆ ನಾನು ಹಾಸಿದ ರಟ್ಟಿನ ಮೇಲೆ ಹತ್ತು ದಿನವಾದರೂ ಒಂದು ತೊಟ್ಟು ಬೀಳಲಿಲ್ಲ. ಬಿದ್ದುಕೊಂಡದ್ದು ಪಕ್ಕದ ಮನೆಯ ಬೆಕ್ಕು ಮಾತ್ರ. ಬೇರೆಯವರ ಗಾಡಿಗಳು ಕಂಡಕಂಡಲ್ಲಿ ಸೋರಿ ಯಜಮಾನರ ಮಾನ ಕಳೆಯುತ್ತಿರುವಾಗ, ಮನೆಯ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ತಮ್ಮ ದೊಡ್ಡತನಕ್ಕೆ ತಲೆಬಾಗುತ್ತೇನೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಆಗುವಾಗ ಒಂದು ಬಾಯಿ ನೀಲಿ ಹೊಗೆ ಬಿಡುತ್ತೀರಿ, ಅದು ತಪ್ಪದೆ ಅಂಗಳದಲ್ಲಿ ಒಣಹಾಕಿದ ಬಿಳಿ ಬೆಡ್‌ಶೀಟುಗಳ ಕಡೆಗೇ ಹೋಗುತ್ತದೆ. ತಮ್ಮ ಕೃಪೆಯಿಂದ ಆಸ್ಪತ್ರೆಯ ಬಟ್ಟೆಗೆ ಎರಡೆರಡು ಸಲ ಒಗೆಸಿಕೊಳ್ಳುವ ಭಾಗ್ಯ ಸಿಕ್ಕಿದೆ.

ಹೀಗಿರುವಾಗ ಲಾಂಡ್ರಿಯ ನಿಜವಾದ ಯಜಮಾನಿಯಾದ ನಮ್ಮ ಮನೆಯಾಕೆ ಒಂದು ಆಜ್ಞೆ ಹೊರಡಿಸಿದಳು: ಒಂದು ವಾರದೊಳಗೆ ತಮ್ಮ ಕಾಯಿಲೆ ಏನೆಂದು ಗೊತ್ತಾಗಬೇಕು, ಇಲ್ಲವಾದರೆ ಭಾನುವಾರ ಗುಜರಿಯವನು ಬರುತ್ತಾನೆ. ಅವಳು ಹೇಳಿದರೆ ಮುಗಿಯಿತು, ಅವಳ ಮಾತಿಗೆ ಬ್ಯಾಂಕಿನವರೇ ಪರದೆಯ ಬಣ್ಣ ಬದಲಿಸಿದ್ದಾರೆ. ನಾನು ತಮ್ಮನ್ನು ಕಿವಿ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ, ತುದಿಯನ್ನು ಇಂಜಿನ್ನಿಗೆ ಒತ್ತಿ ರೋಗ ಹೇಳುವ ಆ ಮಹಾನುಭಾವರು ತಮ್ಮನ್ನು ಆಲಿಸಿ, ಕೂಲೆಂಟ್ ಬಾಟಲಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಎಣ್ಣೆ ಅಳೆಯುವ ಕಡ್ಡಿಯನ್ನು ಒರೆಸಿ ಹಾಕಿದರು. ಆರು ದಿನ ನಾವು ಎಂದಿನಂತೆ ಓಡಿಸಿ, ಪ್ರತಿ ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಮಟ್ಟ ಬರೆದಿಡಬೇಕು, ಆದರೆ ಯಾರೂ ಒಂದು ಹನಿ ಸುರಿಯಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು.

ಮೊದಲ ಬೆಳಗ್ಗೆ ಕಡ್ಡಿಯಲ್ಲಿ ಎಣ್ಣೆ ಒಂದು ಕೂದಲೆಳೆಯಷ್ಟು ಇಳಿದಿತ್ತು. ನನ್ನ ಎದೆಯೂ ಅಷ್ಟೇ ಇಳಿಯಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಲೋಟ ಎಣ್ಣೆ ಸುರಿದುಬಿಟ್ಟೆ, ಮೇಸ್ತ್ರಿಗೆ ಮೋಸ ಮಾಡಲೆಂದಲ್ಲ, ತಮ್ಮ ಮರ್ಯಾದೆ ಉಳಿಸಲೆಂದು. ಮರುದಿನ ನೋಡಿದರೆ ಎಣ್ಣೆ ನಾನು ಸುರಿದದ್ದಕ್ಕಿಂತಲೂ ಮೇಲೆ ನಿಂತಿತ್ತು. ನಾಲ್ಕನೆಯ ದಿನ ಅದು ಮೇಲಿನ ಗೆರೆ ದಾಟಿತು, ಕೂಲೆಂಟ್ ಬಾಟಲಿಯೂ ಕತ್ತಿನವರೆಗೆ ತುಂಬಿತು. ಈ ವಯಸ್ಸಿನಲ್ಲಿ ತಾವು ಸ್ವಂತ ಶಕ್ತಿಯಿಂದ ಎಣ್ಣೆ ತಯಾರಿಸಲು ಶುರುಮಾಡಿದ್ದೀರೆಂದು ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಪೆಟ್ರೋಲನ್ನೂ ಪ್ರಯತ್ನಿಸಿ ನೋಡಬಾರದೇ ಎಂದು ತಮ್ಮ ಕಿವಿಯಲ್ಲಿ, ಅಂದರೆ ಏರ್ ಫಿಲ್ಟರಿನ ಬಳಿ, ವಿನಂತಿಸಿಕೊಂಡದ್ದು ತಮಗೆ ನೆನಪಿರಬಹುದು.

ಶನಿವಾರ ಇಡೀ ಸಂಸಾರ ತಮ್ಮಲ್ಲೇ ಕೂತು ಗ್ಯಾರೇಜಿಗೆ ಬಂದೆವು. ನನ್ನ ತಾಯಿ ಮುಂದಿನ ಸೀಟಿನಲ್ಲಿ, ಮಗಳು ಮತ್ತು ಮನೆಯಾಕೆ ಹಿಂದೆ ಟವೆಲ್ ಮೂಟೆಗಳ ಮೇಲೆ. ಮೇಸ್ತ್ರಿ ತಾವು ತಣಿಯುವವರೆಗೆ ಕಾದು, ಕಡ್ಡಿ ಎಳೆದು ನೋಡಿ ಹುಬ್ಬು ಗಂಟಿಕ್ಕಿದರು. ರೇಡಿಯೇಟರಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿದರೆ ಒಳಗಿನಿಂದ ಬುಳುಬುಳು ಗುಳ್ಳೆ ಎದ್ದು, ನೊರೆ ಉಕ್ಕಿ ಅವರ ಚಪ್ಪಲಿಯ ಮೇಲೆ ಹರಿಯಿತು. ಎಣ್ಣೆ ಏರಿದೆಯೆಂದರೆ ನೀರು ಎಣ್ಣೆಗೆ ಇಳಿದಿದೆ, ಗುಳ್ಳೆ ಬರುತ್ತಿದೆಯೆಂದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗಿದೆ, ಎರಡರ ನಡುವೆ ತಡೆಯಾಗಿರುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಪೂರ್ತಿ ಇಂಜಿನ್ ಬಿಚ್ಚಬೇಕು, ಈ ವಯಸ್ಸಿನ ಗಾಡಿಗೆ ಅದು ಬೇಡ ಎಂದು ತೀರ್ಪು ಕೊಟ್ಟರು. ನೀರು ಬೆರೆತರೆ ಬೆಳ್ಳಗಾಗಬೇಕಾದ ಎಣ್ಣೆ ಮಾತ್ರ ಯಾಕೋ ಬೆಳ್ಳಗಾಗಿಲ್ಲ ಎಂದು ತಮಗೆ ತಾವೇ ಗೊಣಗಿಕೊಂಡರು. ಮಹಾಶಯರೇ, ಭಾನುವಾರಕ್ಕೆ ಒಂದೇ ರಾತ್ರಿ ಉಳಿದಿತ್ತು.

ಆ ನೊರೆಗೆ ಬಗ್ಗಿ ಮೂಗು ಒಡ್ಡಿದವಳು ನಮ್ಮ ಮನೆಯಾಕೆ. ಅದರಲ್ಲಿ ನಮ್ಮ ಲಾಂಡ್ರಿಯ ನಿಂಬೆ ವಾಸನೆಯ ಸೋಪಿನ ಪರಿಮಳವಿತ್ತು. ಲಾಂಡ್ರಿಯಲ್ಲಿ ಸೋಪು ಅಳೆದು ಹಾಕುವವರು ನನ್ನ ತಾಯಿ, ಎಲ್ಲರೂ ಅವರ ಕಡೆ ತಿರುಗಿದೆವು. ಪಾಪ, ಬಾಯಾರಿದ ಜೀವ ಅಂತ ದಿನಾ ಸ್ವಲ್ಪ ನೀರು ಹಾಕ್ತಿದ್ದೆ ಕಣಪ್ಪ, ಕೈಗೆ ಸಿಕ್ಕಿದ್ದು ಸೋಪು ಅಳೆಯೋ ಮಗ್ಗು ಎಂದು ಅವರು ಸೆರಗಿನ ತುದಿ ತಿರುಚುತ್ತ ಒಪ್ಪಿಕೊಂಡರು. ಒಬ್ಬರು ಬಾಯಿಬಿಟ್ಟ ಮೇಲೆ ಉಳಿದವರಿಗೆ ಧೈರ್ಯ ಬರುತ್ತದೆ. ನಾನು ನನ್ನ ಒಂದು ಲೋಟವನ್ನು ಒಪ್ಪಿಕೊಂಡೆ. ತಮ್ಮಲ್ಲೇ ಡ್ರೈವಿಂಗ್ ಕಲಿತ ಮಗಳು, ಅಪ್ಪ, ನಾನೂ ಒಂದು ಲೋಟ ಎಂದಳು. ಮೇಸ್ತ್ರಿ ಹೆಚ್ಚಿನ ಎಣ್ಣೆಯನ್ನು ಇಳಿಸಿ ಅಳೆದರೆ ಮೂರೂವರೆ ಲೋಟ ಬಂತು. ಒಂದೂವರೆ ಲೋಟಕ್ಕೆ ವಾರಸುದಾರರಿಲ್ಲ. ಇನ್ನೂರು ಟವೆಲ್ಲಿನಲ್ಲಿ ಒಂದು ಕಡಿಮೆಯಾದರೂ ಕಣ್ಣಳತೆಯಲ್ಲೇ ಹೇಳುವ ನಮ್ಮ ಮನೆಯಾಕೆ ಆಗ ಗ್ಯಾರೇಜಿನ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು. ಕೊನೆಗೆ, ಮಾರಿಬಿಡೋಣ ಅಂತ ಹೇಳಿದ್ದು ನಾನೇ, ಸಾಯ್ಲಿ ಅಂತ ಹೇಳಿರಲಿಲ್ಲವಲ್ಲ ಎಂದು ಮೇಸ್ತ್ರಿಯನ್ನೇ ಗದರಿಸಿದಳು.

ಮೇಸ್ತ್ರಿ ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತರು. ಆಮೇಲೆ ಮೂರು ಸಲ ನೀರು ಬದಲಿಸಿ ಸೋಪು ತೊಳೆದು, ಪಂಪು ಜೋಡಿಸಿ ರೇಡಿಯೇಟರಿಗೆ ಗಾಳಿಯೊತ್ತಡ ಕೊಟ್ಟರು. ಒತ್ತಡ ತೋರಿಸುವ ಮೀಟರಿನ ಮುಳ್ಳು ಅಲುಗಲಿಲ್ಲ. ಗ್ಯಾಸ್ಕೆಟ್ ಗಟ್ಟಿಯಾಗಿತ್ತು. ಮುಚ್ಚಳವನ್ನೇ ಬೇರೆಯಾಗಿ ಪರೀಕ್ಷಿಸಿದಾಗ ಅದರ ರಬ್ಬರು ಒಡೆದಿರುವುದು ಸಿಕ್ಕಿತು. ತಾವು ಓಡುವಾಗ ನೀರು ಆವಿಯಾಗಿ ಅಲ್ಲಿಂದಲೇ ಹೋಗುತ್ತಿತ್ತು, ಅದಕ್ಕೇ ಮನೆಯ ರಟ್ಟು ಒಣಗಿತ್ತು. ಎಣ್ಣೆ ಹೋಗುತ್ತಿದ್ದದ್ದು ಸವೆದ ವಾಲ್ವ್ ಸೀಲುಗಳಿಂದ ರಾತ್ರಿಯೆಲ್ಲ ಹನಿಹನಿಯಾಗಿ ಒಳಗಿಳಿದು, ಬೆಳಗ್ಗೆ ನೀಲಿ ಹೊಗೆಯಾಗಿ. ಅದು ರೋಗವಲ್ಲ, ವಯಸ್ಸು ಎಂದರು. ಅಂಗೈಯಗಲದ ಒಂದು ಮುಚ್ಚಳಕ್ಕಾಗಿ ತಾವು ನಾಲ್ಕು ಜನ ಪ್ರಾಮಾಣಿಕರನ್ನು ಕಳ್ಳರನ್ನಾಗಿ ಮಾಡಿದಿರಿ.

ಆದುದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟೇ. ಇನ್ನು ಮುಂದೆ ಸೋರುವುದಿದ್ದರೆ ಹಗಲಲ್ಲಿ, ಕಣ್ಣಿಗೆ ಕಾಣುವ ಜಾಗದಲ್ಲಿ, ಮುಂಚಿತವಾಗಿ ತಿಳಿಸಿ ಸೋರತಕ್ಕದ್ದು. ಹೊಗೆಯನ್ನು ಬಿಳಿ ಬಟ್ಟೆಯ ದಿನ ಬಿಳಿಯಾಗಿಯೂ ಪರದೆಯ ದಿನ ಪರದೆಗೊಪ್ಪುವ ಬಣ್ಣದಲ್ಲಿಯೂ ಬಿಡತಕ್ಕದ್ದು. ಮತ್ತೊಂದು ಬೇಡಿಕೆ ನನ್ನದಲ್ಲ, ಮನೆಯಾಕೆಯದು. ಗಾಡಿ ಏರುದಾರಿಯಲ್ಲಿ ಕುದಿದು ನಿಂತಾಗ, ತಣಿಯುವವರೆಗಿನ ಆ ಅರ್ಧ ಗಂಟೆಯಲ್ಲಿ ಮಾತ್ರ ನಿಮ್ಮಪ್ಪ ನನ್ನ ಪಕ್ಕ ಸುಮ್ಮನೆ ಕೂತು ಮಾತಾಡ್ತಾರೆ, ಈಗ ಹೊಸ ಮುಚ್ಚಳ ಬಂದು ಅದೂ ಹೋಯ್ತು ಎಂದು ಮಗಳ ಹತ್ತಿರ ಹೇಳಿದಳಂತೆ. ಕೇಳಿ ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ತಿಂಗಳಿಗೊಮ್ಮೆ, ನೆರಳಿರುವ ಜಾಗ ನೋಡಿ, ಯಾವ ಭಾಗಕ್ಕೂ ಪೆಟ್ಟಾಗದಂತೆ ಸ್ವಲ್ಪ ಕುದಿಯಲು ತಮಗೆ ಸಾಧ್ಯವಾದೀತೇ?

ತಮ್ಮ ಹೊಗೆಯಲ್ಲೇ ಕೂದಲು ನರೆತ,
ತಮ್ಮ ವಿಶ್ವಾಸಿ,
ಲಾಂಡ್ರಿಯ ಹೆಸರಿಗಷ್ಟೇ ಯಜಮಾನ

ತಾಜಾ ಕಲಂ: ಬರಬೇಡವೆಂದು ಹೇಳಲು ಎಲ್ಲರೂ ಮರೆತ ಕಾರಣ ಗುಜರಿಯವನು ಭಾನುವಾರ ಬಂದೇಬಿಟ್ಟ. ಶೆಡ್ಡಿನಲ್ಲಿದ್ದ ತಮ್ಮನ್ನು ಒಮ್ಮೆ, ತಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ನನ್ನನ್ನು ಒಮ್ಮೆ ನೋಡಿ, ಹಳೇದು ಅಂದಿದ್ರಲ್ಲ, ಯಾವುದಮ್ಮ ಎಂದು ಕೇಳಿದ. ಮನೆಯಾಕೆ ಉತ್ತರ ಕೊಡಲು ತೆಗೆದುಕೊಂಡ ಸಮಯವನ್ನು ನಾನು ತಮ್ಮ ಲೆಕ್ಕಕ್ಕೇ ಬರೆದಿಟ್ಟಿದ್ದೇನೆ.