ಗೆಂಡೆಹಳ್ಳಿ ದಾಟಿ ನಾನು ಮಾಡಿದ ಸಮಾಜ ಅಧ್ಯಯನ

ನಲವತ್ತೇಳನೇ ವಯಸ್ಸಿನಲ್ಲಿ ನಾನು ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದೆ. ಬೇಲೂರಿನಲ್ಲಿ ನನ್ನದೊಂದು ಬ್ಲೌಸು ಹೊಲಿಯುವ ಅಂಗಡಿ. ಇಪ್ಪತ್ತು ವರ್ಷದಿಂದ ಊರಿನ ಹೆಂಗಸರ ಅಳತೆ ತೆಗೆದವಳಿಗೆ ಸಮಾಜದ ಅಳತೆ ತೆಗೆಯುವುದೇನು ಮಹಾ ಎಂಬ ಧೈರ್ಯ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು, ತಿಂಗಳಿಗೊಂದು ಭಾನುವಾರ ಹಾಸನದಲ್ಲಿ ತರಗತಿ. ಮೊದಲ ವರ್ಷ ಪಾಸಾದಾಗ ಕೊಬ್ಬರಿ ವ್ಯಾಪಾರಿಗಳಾದ ನನ್ನ ಯಜಮಾನರು ಶಿವಣ್ಣ ತಮ್ಮ ಮಂಡಿಗೆ ಬಂದವರಿಗೆಲ್ಲ ಮೈಸೂರುಪಾಕು ಹಂಚಿದರು. ಅದು ನನ್ನ ತಲೆಗೇರಿತು.

ಎರಡನೇ ವರ್ಷ ಕ್ಷೇತ್ರಕಾರ್ಯ. ಒಂದು ಹಳ್ಳಿಗೆ ಹೋಗಿ, ಮನೆಮನೆ ತಿರುಗಿ, ಜನರನ್ನು ಮಾತಾಡಿಸಿ ವರದಿ ಬರೆಯಬೇಕು. ನನ್ನ ವಿಷಯ 'ಬದಲಾಗುತ್ತಿರುವ ಗ್ರಾಮೀಣ ಕುಟುಂಬ ಮತ್ತು ವಿವಾಹ'. ಅದಕ್ಕಾಗಿ ಇಪ್ಪತ್ತೆರಡು ಪ್ರಶ್ನೆಗಳನ್ನು ಸಿದ್ಧಪಡಿಸಿದೆ. ಮನೆಯಲ್ಲಿ ಮದುವೆಯಾಗದ ಗಂಡುಮಕ್ಕಳೆಷ್ಟು? ಅವರ ಓದೇನು? ಜಮೀನೆಷ್ಟು? ಅಡುಗೆ ಯಾರು ಮಾಡುತ್ತಾರೆ? ಸೊಸೆ ಕೆಲಸಕ್ಕೆ ಹೋದರೆ ಒಪ್ಪುತ್ತೀರಾ? ನಮ್ಮ ಮೇಷ್ಟ್ರು ಪಟ್ಟಿ ನೋಡಿ ಮೆಚ್ಚಿದರು. ಆದರೆ ಯಾರ ಮನೆಗೆ ಹೋದರೂ ಮೊದಲು 'ನಾನು ವಿದ್ಯಾರ್ಥಿನಿ, ಇದು ಓದಿಗಾಗಿ' ಎಂದು ಬಿಡಿಸಿ ಹೇಳಬೇಕೆಂದು ಎರಡು ಸಲ ಎಚ್ಚರಿಸಿದರು. ನಾನೂ ಎರಡು ಸಲ ತಲೆಯಾಡಿಸಿದೆ. ಆದರೆ ನೆತ್ತಿಯಲ್ಲಿ ನೆರೆಗೂದಲಿಟ್ಟುಕೊಂಡು, ಜರಿಯಂಚಿನ ಸೀರೆ ಉಟ್ಟುಕೊಂಡು 'ನಾನು ವಿದ್ಯಾರ್ಥಿನಿ' ಎನ್ನಲು ನಾಚಿಕೆಯಾಗುವುದಿಲ್ಲವೇ? ಹೇಳಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಗೆಂಡೆಹಳ್ಳಿಯಲ್ಲಿ ಬಸ್ಸಿಳಿದು, ಒಂದು ಮೈಲಿ ನಡೆದು, ನನ್ನ ಪಾಲಿನ ಹಳ್ಳಿ ಸೇರಿದೆ. ಇಡೀ ಊರು ನನ್ನಿಂದ ಅಧ್ಯಯನಕ್ಕೆ ಒಳಗಾಗಲಿದೆ ಎಂಬುದು ಪಾಪ ಆ ಊರಿಗೆ ಗೊತ್ತಿರಲಿಲ್ಲ!

ಮೊದಲ ಮನೆ ಜಯಮ್ಮ ಎಂಬುವರದು. ಅರವತ್ತು ದಾಟಿದ ಗಟ್ಟಿ ಹೆಂಗಸು, ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಬಹಳ ಶಿಷ್ಟವಾಗಿ, ಬೇಲೂರಿನಿಂದ ಬಂದಿದ್ದೇನೆ, ನಿಮ್ಮ ಮನೆತನದ ವಿಚಾರ ಸ್ವಲ್ಪ ತಿಳಿದುಕೊಳ್ಳಬೇಕಿತ್ತು ಎಂದೆ. ಅವರ ಕೈ ಅವರೆಕಾಯಿಯ ಮೇಲೆ ನಿಂತಿತು.

"ನೀವು ಯಾವ ಪೈಕಿ ಕಣವ್ವ?" ಎಂದು ಕೇಳಿದರು.

ಇಂಥ ಗಳಿಗೆಗಾಗಿಯೇ ನಾನು ಎರಡು ವರ್ಷ ಓದಿದ್ದು. "ನಾವು ಜಾತಿ ನೋಡುವವರಲ್ಲ" ಎಂದು ಗಂಭೀರವಾಗಿ ಹೇಳಿದೆ.

ಜಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಒಳಗೆ ಹೋಗಿ ಹೊಸ ಚಾಪೆ ತಂದು ಹಾಸಿದರು.

ಅವರ ಮಗ ಲೋಕೇಶನಿಗೆ ಮೂವತ್ಮೂರು ವರ್ಷ. ಬಿ.ಎ. ಓದಿ ತೆಂಗು, ರಾಗಿ, ನಾಲ್ಕು ಹಸು ನೋಡಿಕೊಂಡಿದ್ದ. ಅವನನ್ನು ತೋಟದಿಂದ ಕರೆಸಿದರು. ಕರೆ ಹೋದ ಹತ್ತೇ ನಿಮಿಷಕ್ಕೆ ಅವನು ಇಸ್ತ್ರಿ ಮಾಡಿದ ಶರ್ಟಿನಲ್ಲಿ ಬಂದ. ಗಲ್ಲದಲ್ಲಿ ಹಸಿ ಬ್ಲೇಡಿನ ಗಾಯ. ಗ್ರಾಮೀಣ ಯುವಕರಲ್ಲಿ ಸ್ವಚ್ಛತೆಯ ಅರಿವು ಹೆಚ್ಚಿದೆ ಎಂದು ಬರೆದುಕೊಂಡೆ. ಸೊಸೆ ಕೆಲಸಕ್ಕೆ ಹೋದರೆ ಒಪ್ಪುತ್ತೀರಾ ಎಂದದ್ದಕ್ಕೆ ಜಯಮ್ಮ, ಹೋಗಲಿ, ಸಗಣಿ ಮುಟ್ಟುವುದೂ ಬೇಡ ಎಂದುಬಿಟ್ಟರು. ಇಂಥ ಪ್ರಗತಿಪರ ಅತ್ತೆ! ಸಂತೋಷಕ್ಕೆ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ. ನಿನಗೆ ಏನು ಇಷ್ಟ, ಏನು ಓದುತ್ತೀಯಾ ಎಂದು ಲೋಕೇಶನನ್ನೂ ಕೇಳಿ, ವರದಿಗಿರಲಿ ಎಂದು ಅವನದೊಂದು ಫೋಟೋ ತೆಗೆದುಕೊಂಡೆ.

ಎರಡನೇ ಮನೆಯಲ್ಲಿ ಕಾಫಿ ಕಾದಿತ್ತು. ಮೂರನೆಯದರಲ್ಲಿ ಉಪ್ಪಿಟ್ಟು, ಐದನೆಯದರಲ್ಲಿ ಕೇಸರಿಬಾತು. ನಾನು ಕೇಳುವ ಮೊದಲೇ ಗಂಡುಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಒಬ್ಬ ಮೊಬೈಲಿನಿಂದಲೇ ಬೋರಿನ ಮೋಟಾರು ಆನ್ ಮಾಡಿ ತೋರಿಸಿದ. ಇನ್ನೊಬ್ಬನ ತಾಯಿ ಹೊಸದಾಗಿ ಕಟ್ಟಿಸಿದ ಬಚ್ಚಲಿನ ಟೈಲ್ಸ್ ಮುಟ್ಟಿ ನೋಡಲು ಹೇಳಿದರು. ಮುಟ್ಟಿ ನೋಡಿದೆ. ಕೊನೆಗೆ ಟ್ರ್ಯಾಕ್ಟರಿನಲ್ಲಿ ಕೂರಿಸಿ ಬಸ್‌ಸ್ಟಾಪಿಗೆ ಬಿಟ್ಟರು. ಹೊರಡುವಾಗ ಜಯಮ್ಮನಿಗೆ ಮನೆಯ ವಿಳಾಸ ಕೊಟ್ಟು, ಬಿಡುವಾದಾಗ ಬನ್ನಿ, ಭಾನುವಾರವಾದರೆ ಮಗಳೂ ಮನೆಯಲ್ಲಿರುತ್ತಾಳೆ ಎಂದೆ. ಮರ್ಯಾದೆಗೆ ಎಲ್ಲರೂ ಹೇಳುವ ಮಾತು. ಬಸ್ಸಿನಲ್ಲಿ ಕುಳಿತು, 'ಈ ಗ್ರಾಮಸ್ಥರಲ್ಲಿ ಜ್ಞಾನದ ಬಗ್ಗೆ ಅಪಾರ ಗೌರವವಿದೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಭಾನುವಾರ ಹತ್ತು ಗಂಟೆಗೆ ನಮ್ಮ ಮನೆ ಮುಂದೆ ಒಂದು ವ್ಯಾನು ನಿಂತಿತು. ಒಂಬತ್ತು ಜನ ಇಳಿದರು. ಮುಂದೆ ಜಯಮ್ಮ, ಕೈಯಲ್ಲಿ ಹೂವು, ಹಣ್ಣು, ತೆಂಗಿನಕಾಯಿ. ಹಿಂದೆ ಅದೇ ಇಸ್ತ್ರಿ ಶರ್ಟಿನ ಲೋಕೇಶ. ಯಜಮಾನರು ಬನಿಯನ್ನಿನಲ್ಲಿ ಪೇಪರು ಓದುತ್ತಿದ್ದರು. ಹಾಸನದ ಲ್ಯಾಬೊಂದರಲ್ಲಿ ಕೆಲಸ ಮಾಡುವ ನಮ್ಮ ಮಗಳು ಚಿತ್ರಾ ತಲೆಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದಳು.

ನನಗೋ ಹಿಗ್ಗೋ ಹಿಗ್ಗು. ಮಾಹಿತಿ ಕೊಟ್ಟವರೇ ಸಂಶೋಧಕಿಯ ಮನೆಗೆ ಹುಡುಕಿಕೊಂಡು ಬರುವುದನ್ನು ನಾನು ಯಾವ ಪಾಠದಲ್ಲೂ ಓದಿರಲಿಲ್ಲ. ಓಡಿಹೋಗಿ ನೋಟ್‌ಬುಕ್ ತಂದೆ. ಚಿತ್ರಾಗೆ ಎಲ್ಲರಿಗೂ ಕಾಫಿ ತರಲು ಹೇಳಿದೆ. ಅವಳು ತಟ್ಟೆ ಹಿಡಿದು ಬಂದಾಗ ಒಂಬತ್ತು ಜನರೂ ಮಾತು ನಿಲ್ಲಿಸಿ ಅವಳನ್ನೇ ನೋಡಿದರು. ಯಜಮಾನರು ನನ್ನ ಕಡೆ ಬಾಗಿ, "ನಂಗೊಂದು ಮಾತು ಹೇಳ್ಬೇಕಿತ್ತಲ್ವೇನೇ" ಎಂದು ಪಿಸುಗುಟ್ಟಿದರು. ಕ್ಷೇತ್ರಕಾರ್ಯದ ವಿಚಾರ ಆಗಲೇ ಹೇಳಿದ್ದೆನಲ್ಲ ಎಂದುಕೊಂಡೆ.

ಆಮೇಲೆ ಜಯಮ್ಮ ಪ್ರಶ್ನೆ ಶುರುಮಾಡಿದರು. ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ. ಮನೆ ಸ್ವಂತದ್ದೋ, ಮಗಳಿಗೆ ರಾತ್ರಿ ಪಾಳಿ ಇದೆಯೋ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಒಂದಾದ ಮೇಲೊಂದು ಕೇಳುತ್ತಾ ಹೋದರು. ನಾನು ಬಡಬಡ ಉತ್ತರ ಕೊಡುತ್ತಾ ಹೋದೆ. ಅತ್ತೆ ಕೊಟ್ಟ ಬೆಳ್ಳಿ ಕುಂಕುಮ ಭರಣಿ ಮೂರು ವರ್ಷದ ಹಿಂದೆ ಕಳೆದುಹೋದದ್ದನ್ನೂ ಹೇಳಿಬಿಟ್ಟೆ. ಯಜಮಾನರು ಕಾಫಿ ಲೋಟದಿಂದ ತಲೆಯೆತ್ತಿದರು. ಅವರಿಗೆ ಅದು ಗೊತ್ತಿರಲಿಲ್ಲ.

ಜಯಮ್ಮ ಸೆರಗು ಸರಿಮಾಡಿಕೊಂಡರು. "ಹುಡುಗಿ ನಮಗೆ ಒಪ್ಪಿಗೆ ಆಗೈತೆ. ನೀವು ಕೇಳಿದ್ದಕ್ಕೆಲ್ಲ ಅವತ್ತೇ ಹೇಳಿವ್ನಿ. ಇನ್ನು ನಿಮ್ಮ ಮಾತು."

ನನ್ನ ತಲೆಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳೂ ಒಟ್ಟಿಗೆ ದೀಪ ಹಚ್ಚಿಕೊಂಡು ಎದ್ದು ನಿಂತವು. ಜಮೀನೆಷ್ಟು. ಓದೇನು. ಸೊಸೆ ಕೆಲಸಕ್ಕೆ ಹೋಗಬಹುದೇ. ದೇವರೇ! ಚಿತ್ರಾಳ ಮುಖ ನೋಡಲು ಧೈರ್ಯವಾಗಲಿಲ್ಲ. ಅವಳೇ ತಣ್ಣಗೆ ಕೇಳಿದಳು: "ಅಮ್ಮ, ಮದುವೆಗೆ ಹುಡುಗಿ ಒಪ್ಪಿಗೆ ಕೇಳ್ತೀರಾ ಅಂತ ಒಂದು ಪ್ರಶ್ನೆ ಬರ್ದಿದ್ದೆಯಲ್ಲ. ಅದನ್ನ ನಮ್ಮನೇಲಿ ಯಾವಾಗ ಕೇಳ್ತೀಯ?"

ಎಲ್ಲವನ್ನೂ ಹೇಳಿಕೊಂಡೆ. ಎಂ.ಎ., ಮೇಷ್ಟ್ರು, ವರದಿ, ನನ್ನ ನಾಚಿಕೆ. ಲೋಕೇಶ ಲೋಟ ಕೆಳಗಿಟ್ಟ.

"ಇರ್ಲಿ ಬಿಡಿ ಅಕ್ಕ" ಎಂದ. "ಹೆಣ್ಣಿನ ಕಡೆಯೋರು ಬಂದ್ರೆ ಹಸು ಎಣಿಸ್ಕಂಡು ಹೋಯ್ತಾರೆ. ನಂಗೇನಿಷ್ಟ ಅಂತ ಕೇಳಿದ್ದು ನೀವೊಬ್ರೇಯ."

ಎದ್ದು ಜಯಮ್ಮನ ಕೈ ಹಿಡಿದು, ತಪ್ಪಾಯಿತು ಎಂದೆ. ಅವರು ನೋಟ್‌ಬುಕ್ಕಿನತ್ತ ಬೆರಳು ತೋರಿಸಿದರು. ನಮ್ಮ ಬಗ್ಗೆ ಏನು ಬರೆದಿದ್ದೀಯೋ ಓದು ಎಂದರು. ಜ್ಞಾನದ ಬಗ್ಗೆ ಅಪಾರ ಗೌರವ, ಅದಕ್ಕೆ ಸಾಕ್ಷಿ ಕೇಸರಿಬಾತು ಎಂದು ಓದಿದೆ. ಮೊದಲು ನಕ್ಕವರು ಜಯಮ್ಮ. ಆಮೇಲೆ ಲೋಕೇಶ, ಆಮೇಲೆ ವ್ಯಾನಿನ ಅಷ್ಟೂ ಜನ, ಕೊನೆಗೆ ಚಿತ್ರಾ ಕೂಡ ಬಾಗಿಲಿಗೆ ಒರಗಿಕೊಂಡು ನಕ್ಕಳು.

"ಅದನ್ನ ಹೊಡೆದಾಕು" ಎಂದರು ಜಯಮ್ಮ. "ಈಗ ನಾನ್ ಹೇಳಿದ್ದ ಬರ್ಕೊ."

ಮಧ್ಯಾಹ್ನದ ಊಟದವರೆಗೂ ಬರೆದುಕೊಂಡೆ. ಬೇಸಾಯಗಾರನಿಗೆ ಹೆಣ್ಣು ಏಕೆ ಸಿಗುವುದಿಲ್ಲ, ಹೆಣ್ಣು ಹೆತ್ತವರು ತೋಟ ನೋಡಿ ಮೆಚ್ಚಿ ಪಟ್ಟಣದ ಗುಮಾಸ್ತನಿಗೆ ಏಕೆ ಕೊಡುತ್ತಾರೆ, ಹಾಗೆ ಕೊಡುವವರಲ್ಲಿ ತಾವೂ ಒಬ್ಬರು, ತಮ್ಮ ಮಗಳನ್ನೂ ಹಾಗೆಯೇ ಕೊಟ್ಟದ್ದು ಎಂದು ಅವರೇ ಬಿಡಿಸಿ ಹೇಳಿದರು. ನನ್ನ ಪ್ರಶ್ನೆಗಳಲ್ಲಿ ಇದ್ಯಾವುದೂ ಇರಲಿಲ್ಲ.

ಮೇಷ್ಟ್ರು ವರದಿ ಓದಿ, ಮಾಡಿದ ಎಡವಟ್ಟನ್ನೂ ಬಿಡದೆ ತರಗತಿಯಲ್ಲಿ ಮಂಡಿಸಬೇಕೆಂದರು. ಮುಂದಿನ ತಿಂಗಳ ಭಾನುವಾರ ಹಾಸನದಲ್ಲಿ ಎಲ್ಲರೆದುರು ನಿಂತು, ಸಂಶೋಧಕರು ತಮ್ಮ ಗುರುತನ್ನು ಮೊದಲೇ ಸ್ಪಷ್ಟಪಡಿಸುವುದರ ಮಹತ್ವ ಕುರಿತು ಅರ್ಧ ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು. ನನ್ನೊಳಗಿನ ಸಮಾಜಶಾಸ್ತ್ರಜ್ಞೆ ಮತ್ತೆ ತಲೆಯೆತ್ತಿ ಕುಳಿತಳು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದೆ.

ಅರಸೀಕೆರೆಯಿಂದ ಬರುವ ಸಹಪಾಠಿಯೊಬ್ಬರು ಹಿಂದಿನ ಬೆಂಚಿನಿಂದ ಕೈಯೆತ್ತಿದರು. ಮೂವತ್ತೆರಡು ವರ್ಷದ ತಮ್ಮನಿದ್ದಾನೆ, ಐದೆಕರೆ ತೆಂಗು, ನಿಮ್ಮ ಕಡೆ ಯಾರಾದರೂ ಹುಡುಗಿ ಇದ್ದಾಳಾ ಎಂದು ಕೇಳಿದರು.

ನಾನು ನೋಟ್‌ಬುಕ್ ತೆರೆದು ತಮ್ಮನ ಹೆಸರು ಬರೆದುಕೊಂಡೆ.