ಖಾಲಿ ವಾಟಿಯ ಜಾಗತಿಕ ಪರಿಣಾಮಗಳು

ಜಗತ್ತಿನ ದೊಡ್ಡ ಸಂಗತಿಗಳನ್ನು ಬಲ್ಲವರಿಗೆ ಅಡುಗೆಮನೆಯ ಸಣ್ಣ ಸಂಗತಿಗಳು ತಿಳಿಯುವುದಿಲ್ಲ ಎಂದು ನನ್ನ ಹೆಂಡತಿ ಪದ್ಮಾ ಆಗಾಗ ಹೇಳುತ್ತಾಳೆ. ಯಾರನ್ನು ಕುರಿತು ಎಂದು ನಾನು ವಿಚಾರಿಸಲು ಹೋಗಿಲ್ಲ. ನಾನು ಕೊಲ್ಲಾಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವನು. ಇಚಲಕರಂಜಿಯಿಂದ ದಿನಾ ಎಸ್‌ಟಿ ಬಸ್ಸಿನಲ್ಲಿ ನಿಂತು ಹೋಗಿ, ಬಡ ದೇಶ, ಬೆಳೆಯುತ್ತಿರುವ ದೇಶ, ಶ್ರೀಮಂತ ದೇಶಗಳೆಲ್ಲ ಒಂದೇ ಮೇಜಿನ ಸುತ್ತ ಕೂತು ವ್ಯಾಪಾರದ ಮಾತುಕತೆ ಹೇಗೆ ನಡೆಸಬೇಕೆಂದು ಮರಾಠಿಯಲ್ಲಿ ಪಾಠ ಹೇಳಿ, ನಿಂತೇ ಮರಳುತ್ತೇನೆ. ಕೂತು ಮಾತಾಡಿದರೆ ಬಗೆಹರಿಯದ ಜಗಳವೇ ಇಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಬಸ್ಸಿನಲ್ಲಿ ಕೂರಲು ಜಾಗ ಸಿಗದವನಿಗೆ ಕೂರುವುದರ ಮೇಲೆ ಅಷ್ಟು ವಿಶ್ವಾಸ ಇರುವುದು ಸಹಜ.

ನಮ್ಮ ಕಟ್ಟಡದಲ್ಲಿ ಮೂರು ಮನೆ. ಕೆಳಗೆ ಮಾಲೀಕಳಾದ ಗಂಗವ್ವಜ್ಜಿ, ನಡುವೆ ನಾವು, ಮೇಲೆ ಮಹಾದೇವಣ್ಣ ಮತ್ತು ನಾವು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಅವನ ಹೆಂಡತಿ ಸುಶೀಲಾ. ಮಹಾದೇವಣ್ಣನದು ಮಗ್ಗದ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್. ನಾವು ಜೈನರು, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಆದ್ದರಿಂದ ವೈನಿ ಶೇಂಗಾ ಚಟ್ನಿ ಕುಟ್ಟುವಾಗ ಮೊದಲು ಒರಳು ತೊಳೆದು, ನಮಗೆಂದೇ ಬೆಳ್ಳುಳ್ಳಿ ಹಾಕದೆ ಒಂದಿಷ್ಟು ಕುಟ್ಟಿ, ಆಮೇಲೆ ತಮ್ಮದನ್ನು ಕುಟ್ಟುತ್ತಾರೆ. ಆ ಚಟ್ನಿ ವಾಟಿಯಲ್ಲಿ, ಅಂದರೆ ಸ್ಟೀಲಿನ ಸಣ್ಣ ಬಟ್ಟಲೊಂದರಲ್ಲಿ, ನಮ್ಮ ಮನೆಗೆ ಇಳಿಯುತ್ತದೆ. ಅದೇ ವಾಟಿ ಪದ್ಮಾಳ ತವರೂರು ನೂಲದಿಂದ ಬಂದ ಬೆಲ್ಲವನ್ನೋ ಚಕ್ಕುಲಿಯನ್ನೋ ಹೊತ್ತು ಮೇಲೆ ಹತ್ತುತ್ತದೆ. ರೊಟ್ಟಿಯ ಜೊತೆ ಆ ಚಟ್ನಿ, ಮೇಲೊಂದಿಷ್ಟು ಮೊಸರು ಇದ್ದರೆ ನನಗೆ ಬೇರೆ ಯಾವ ಅಭಿವೃದ್ಧಿಯೂ ಬೇಡ.

ಒಮ್ಮೆ ಮನೆಯಲ್ಲಿ ಬೆಲ್ಲ ಮುಗಿದಿತ್ತು. ಊರಿನಿಂದ ಬರುವವರೆಗೆ ವಾಟಿ ನಮ್ಮ ಅಡುಗೆಕಟ್ಟೆಯ ಮೇಲೆ ಸುಮ್ಮನೆ ಕೂತಿತು. ಬೇರೆಯವರ ಸಾಮಾನು ಇಟ್ಟುಕೊಳ್ಳುವುದು ನನ್ನ ಶಿಸ್ತಿಗೆ ಒಗ್ಗದ ಮಾತು. ಪದ್ಮಾ ಬಸದಿಗೆ ಹೋಗಿದ್ದಾಗ ನಾನೇ ಅದನ್ನು ತಿಕ್ಕಿ ತೊಳೆದು, ಕರವಸ್ತ್ರದಿಂದ ಒರೆಸಿ, ಮೇಲೆ ಹೋಗಿ ಕೊಟ್ಟೆ. ವೈನಿ ವಾಟಿಯೊಳಗೆ ನೋಡಿದರು. ನನ್ನ ಮುಖ ನೋಡಿದರು. ‘ಹೂಂ’ ಎಂದು ಬಾಗಿಲು ಮುಚ್ಚಿದರು. ಹೊಳೆಯುವ ವಾಟಿ ನೋಡಿ ಅವರಿಗೆ ಮಾತೇ ಹೊರಡಲಿಲ್ಲ ಎಂದುಕೊಂಡು ನಾನು ಖುಷಿಯಿಂದ ಇಳಿದು ಬಂದೆ.

“ಖಾಲಿ ವಾಟಿ ಕೊಟ್ಟ ಬಂದ್ರ್ಯಾ?” ಬಸದಿಯಿಂದ ಬಂದ ಪದ್ಮಾ ಸುದ್ದಿ ಕೇಳಿ ನೆಲಕ್ಕೇ ಕುಳಿತಳು. “ಒಂದ್ ಚಿಮಟಿ ಸಕ್ರಿನರ ಹಾಕಬಾರದಾಗಿತ್ತ? ಇನ್ನ ನಿಮ್ಮ ಸಂಬಂಧ ಸಾಕು ಅಂದಂಗಾತಲ್ರೀ ಅದು!”

ಅಂದಿನಿಂದ ಚಟ್ನಿ ನಿಂತಿತು. ಮೇಲೆ ಒರಳಿನ ಸದ್ದು ಕೇಳುತ್ತಿತ್ತು, ವಾಟಿ ಮಾತ್ರ ಇಳಿಯಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ವೈನಿ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಪದ್ಮಾ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ನನಗೆ ನಿಜಕ್ಕೂ ಕೆಡುಕೆನಿಸಿತು. ಅವಳ ಇಷ್ಟು ವರ್ಷದ ಗೆಳತಿಯನ್ನು ನಾನು ತೊಳೆದು ಒರೆಸಿ ಕಳಿಸಿಬಿಟ್ಟಿದ್ದೆ.

ಪದ್ಮಾ, “ಬೆಲ್ಲಾ ಬರ್ಲಿ, ನಾ ನೋಡ್ಕೋತೇನಿ” ಎಂದಳು. ಆದರೆ ಇಬ್ಬರೇ ಗುಟ್ಟಾಗಿ ಒಪ್ಪಂದ ಮಾಡಿಕೊಂಡರೆ ಮೂರನೆಯವರಿಗೆ ಅನ್ಯಾಯ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವನು ನಾನು! ಬೆಲ್ಲ ಬಂದ ಭಾನುವಾರ ಸಂಜೆಯೇ ಮಾಳಿಗೆಯ ಮೇಲೆ ಮೂರೂ ಮನೆಯವರ ಸಭೆ ಕರೆದೆ. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಎಂದು ಸಾರಿದೆ. ಅಲ್ಲಿಗೆ ಕಥೆ ಮುಗಿಯಿತು.

“ಮೊದಲ ನನ್ನ ತುಳಸಿ ಕಟ್ಟಿ ಹತ್ರ ಹಪ್ಪಳಾ ಹಾಕೂದ ಬಿಡ್ರಿ. ಚಟ್ನಿ ಮಾತು ಆಮ್ಯಾಲ” ಎಂದಳು ಗಂಗವ್ವಜ್ಜಿ. ಕಟ್ಟಡವೇ ಅವಳದು, ಅವಳ ಮಾತಿಗೆ ತೂಕ ಹೆಚ್ಚು.

“ನೀರಿನ ಮೋಟರದ್ದು ಬಗೀಹರೀಲಾರದ ನಾ ಯಾವದಕ್ಕೂ ಹೂಂ ಅನ್ನಾಂವಲ್ಲ” ಎಂದ ಮಹಾದೇವಣ್ಣ. “ನಾವು ಈಗ ಬೆಳ್ಯಾಕತ್ತ ಮಂದಿ. ನಮಗ ನೀರ ಜಾಸ್ತಿ ಬೇಕು.”

ನಾವು ಬಡವರು, ನಮಗೆ ರಿಯಾಯಿತಿ ಸಿಗಬೇಕೆಂದು ನಾನೂ ಒಂದು ಮಾತು ಸೇರಿಸಿದೆ. ತುಳಸಿ ಮೋಟರಿಗೆ ಗಂಟುಬಿತ್ತು, ಮೋಟರು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ. ಅಜ್ಜಿ ತನ್ನ ಮಾವನ ಕಾಲದ ಬಾವಿಯವರೆಗೆ ಹೋದಳು. ವಾಟಿಯ ಸುದ್ದಿ ಯಾರೂ ಎತ್ತಲಿಲ್ಲ. ಪದ್ಮಾ, ವೈನಿ ಇಬ್ಬರೂ ಒಂದೊಂದು ಮೂಲೆ ಹಿಡಿದು ಕೂತಿದ್ದರು. ಅಷ್ಟರಲ್ಲಿ ಪದ್ಮಾ ಪಶ್ಚಿಮಕ್ಕೆ ನೋಡಿ ಎದ್ದಳು. “ಹೊತ್ತ ಮುಣಗಾಕತ್ತೈತಿ, ನನ್ನ ಊಟಾ ಆಗ್ಬೇಕು” ಎಂದು ಇಳಿದೇಬಿಟ್ಟಳು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ವೈನಿಯೂ ಒಲೆಯ ನೆಪ ಹೇಳಿ ಹಿಂದೆಯೇ ಇಳಿದರು. ಮುಖ್ಯ ರಾಷ್ಟ್ರಗಳೇ ಎದ್ದುಹೋದ ಸಭೆಯಲ್ಲಿ ನಾನು ಮೋಟರಿನ ಬಗ್ಗೆ ಇನ್ನೂ ಬಹಳ ಹೊತ್ತು ಮಾತಾಡಿದೆ.

ನಾನು ಇಳಿದು ಬರುವಷ್ಟರಲ್ಲಿ ನಮ್ಮ ಬಾಗಿಲಲ್ಲಿ ಇಬ್ಬರೂ ನಿಂತು ನಗುತ್ತಿದ್ದರು. ವೈನಿಯ ಕೈಯಲ್ಲಿ ನಮ್ಮ ಮನೆಯದೇ ಒಂದು ವಾಟಿ, ಅದರ ತುಂಬ ಬೆಲ್ಲ.

“ನಮ್ಮವರಿಗೆ ಬರೇ ಸಾಲೀ ಕಲಿಸೂದ ಗೊತ್ರಿ, ವೈನಿ” ಎನ್ನುತ್ತಿದ್ದಳು ಪದ್ಮಾ.

“ನಮ್ಮವ್ರು ಏನ ಶಾಣ್ಯಾರಂತ ತಿಳಿದೀರೇನ್ರಿ, ಅಕ್ಕಾ?” ಎಂದರು ವೈನಿ.

ಗಂಡಂದಿರನ್ನು ಬಿಟ್ಟುಕೊಟ್ಟು ಮಾಡಿಕೊಂಡ ಆ ಒಪ್ಪಂದಕ್ಕೆ ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಮರುದಿನ ಕಾಲೇಜಿಗೆ ರಜೆ. ಪದ್ಮಾ ಬಸದಿಗೆ ಹೋಗಿದ್ದಳು. ತಟ್ಟೆಯಲ್ಲಿ ರೊಟ್ಟಿ, ಮೊಸರು ಇಟ್ಟುಕೊಂಡು ನಾನು ಕುಳಿತಿದ್ದೆ. ಬಾಗಿಲು ಬಡಿದ ಸದ್ದು. ತೆರೆದರೆ ವೈನಿ, ಕೈಯಲ್ಲಿ ನಮ್ಮ ವಾಟಿ, ಆಗಷ್ಟೇ ಕುಟ್ಟಿದ ಚಟ್ನಿಯ ಘಮ. ನಾನು ಎರಡೂ ಕೈ ಚಾಚಿದೆ.

“ಅಕ್ಕಾ ಇಲ್ಲೇನ್ರಿ, ಸರ?”

“ಇಲ್ರಿ. ನನ್ನ ಕೈಯಾಗ ಕೊಡ್ರಿ, ನಡೀತೈತಿ.”

ಖಾಲಿ ವಾಟಿ ಕೊಟ್ಟಿದ್ದ ನನ್ನ ಕೈಗಳನ್ನು ವೈನಿ ಒಮ್ಮೆ ನೋಡಿದರು. “ಬ್ಯಾಡ್ರಿ, ಅಕ್ಕಾ ಬಂದ ಮ್ಯಾಲ ಬರ್ತೇನಿ” ಎಂದು ಸೆರಗಿನಲ್ಲಿ ವಾಟಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು.