ಲೊರೀನಳ ಪಿಸ್ತೂಲನ್ನು ನಾನೇ ಆರಿಸಿದ್ದು

ಬಂದೂಕಿನ ವಿಷಯದಲ್ಲಿ ಹರ್ಶೆಲ್‌ಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತ ನಮ್ಮೂರು ಪೈನ್ ಫೋರ್ಕ್‌ನ ಅರ್ಧ ಜನಕ್ಕೆ ಗೊತ್ತಿತ್ತು. ಯಾಕೆಂದರೆ ಆ ಅರ್ಧ ಜನಕ್ಕೂ ಅದನ್ನು ಹೇಳಿದವನು ನಾನೇ, ಹರ್ಶೆಲ್! ಮೂವತ್ತು ವರ್ಷ ಕೆಂಟಕಿಯ ಈ ಗುಡ್ಡಗಳಲ್ಲಿ ಜಿಂಕೆ ಬೇಟೆಗೆ ಹೋದವನು ನಾನು. (ಎಷ್ಟು ಜಿಂಕೆ ಬಿದ್ದವು ಅಂತ ದಯವಿಟ್ಟು ಕೇಳಬೇಡಿ.)

ಆದ್ದರಿಂದ ಆ ಮಂಗಳವಾರ ಸಂಜೆ ನನ್ನ ಹೆಂಡತಿ ಲೊರೀನ್ ಒಲೆಯ ಮುಂದೆ ನಿಂತು, "ಹರ್ಶೆಲ್, ನಾನೊಂದು ಪಿಸ್ತೂಲು ಇಟ್ಕೋಬೇಕು ಅಂತಿದ್ದೀನಿ. ಕೋಟಿನೊಳಗೆ, ಯಾರಿಗೂ ಕಾಣದ ಹಾಗೆ. ಯಾಕೆ ಅಂದ್ರೆ, ಆ ಹಳ್ಳದ ಕಡೆ ಮನೇಲಿ..." ಅಂತ ಶುರು ಮಾಡಿದಾಗ ನನ್ನ ಎದೆ ಎರಡು ಇಂಚು ಉಬ್ಬಿತು.

"ಸಾಕು! ಮುಂದೆ ಒಂದು ಮಾತೂ ಬೇಡ!" ಅಂದೆ. "ಈ ಮಹಾಕಾರ್ಯ ನನಗೆ ಬಿಡು!"

"ಅಲ್ಲ, ಯಾಕೆ ಅಂತ ಹೇಳ್ತೀನಿ ಕೇಳು..."

"ಯಾಕೆ ಅನ್ನೋದು ಮುಖ್ಯ ಅಲ್ಲ ಕಣೇ, ಯಾವುದು ಅನ್ನೋದು ಮುಖ್ಯ! ಗುಂಡಿಗೊಂದು ತೂಕ, ತೂಕಕ್ಕೊಂದು ವೇಗ..."

ನಲವತ್ತು ನಿಮಿಷ ಉಪನ್ಯಾಸ ಕೊಟ್ಟೆ. ಬಾಣಲೆಯಲ್ಲಿದ್ದ ಹಂದಿಮಾಂಸ ಇದ್ದಿಲಾಯಿತು. ಲೊರೀನ್ ಅದನ್ನೇ ತಟ್ಟೆಗೆ ಹಾಕಿಕೊಂಡು ತಿಂದಳು. ಎಂದೂ ಏನನ್ನೂ ಸೀಯಿಸದವಳು ಅಂದು ಯಾಕೆ ಸೀಯಿಸಿದಳು ಅಂತ ಯೋಚಿಸಬೇಕಾಗಿತ್ತು. ಯೋಚಿಸುವುದಕ್ಕೆ ಬಿಡುವೆಲ್ಲಿ, ನಾನು ಮಾತಾಡುತ್ತಿದ್ದೆನಲ್ಲ!

ಲೊರೀನ್ ದಾದಿ. ಗುಡ್ಡದ ಮೇಲೆ ಒಂಟಿ ಮನೆಗಳಲ್ಲಿರುವ ಮುದುಕರ ಹತ್ತಿರ ತಾನೇ ಕಾರು ಓಡಿಸಿಕೊಂಡು ಹೋಗಿ, ಗಾಯಕ್ಕೆ ಪಟ್ಟಿ ಕಟ್ಟಿ, ಸಕ್ಕರೆ ಕಾಯಿಲೆಗೆ ಸೂಜಿ ಹಾಕಿ ಬರುವುದು ಅವಳ ಕೆಲಸ.

"ಶನಿವಾರ ಮಿಸ್ ವರ್ನಾ ಅವರ ಕ್ಲಾಸಿದೆ, ಹೊಸದಾಗಿ ಗುಂಡು ಹೊಡೆಯೋದು ಕಲಿಯೋ ಹೆಂಗಸರಿಗೆ," ಅಂದಳು. "ಅವರನ್ನ ಕೇಳಿ ತಗೋತೀನಿ."

"ಶಾಲೆ ಬಸ್ಸು ಓಡಿಸ್ತಿದ್ದ ವರ್ನಾನ? ಮನೇಲೇ ವೈದ್ಯ ಇಟ್ಕೊಂಡು ಊರೆಲ್ಲ ಮದ್ದು ಹುಡುಕ್ತಾರಾ ಯಾರಾದ್ರೂ?"

ಮರುದಿನ, ಕೈಗವಸು ಕೊಡಿಸುತ್ತೇನೆ ಅಂತ ಸುಳ್ಳು ಹೇಳಿ, ಅವಳ ಕೈಯನ್ನು ಪತ್ರಿಕೆಯ ಮೇಲೆ ಇಡಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ. ಆ ಕಾಗದದ ಕೈ ಹಿಡಿದು ಡೆಲ್ಬರ್ಟ್‌ನ ಬಂದೂಕಿನ ಅಂಗಡಿಗೆ ನುಗ್ಗಿದೆ.

ಡೆಲ್ಬರ್ಟ್ ಕಾಗದ ನೋಡಿದ, ನನ್ನ ನೋಡಿದ. "ಕೈ ಇಲ್ಲಿದೆ. ಕೈಯ ಯಜಮಾನಿ ಎಲ್ಲಿ?"

"ಇದು ಅವಳಿಗೆ ಗೊತ್ತಿಲ್ಲದ ಉಡುಗೊರೆ!"

"ಹರ್ಶೆಲ್, ಪಿಸ್ತೂಲು ಅಂದ್ರೆ ಚಪ್ಪಲಿ ಇದ್ದ ಹಾಗೆ ಕಣಯ್ಯ. ಹಾಕ್ಕೊಳ್ಳೋರು ಬಂದು ನೋಡ್ಬೇಕು."

"ನನಗೇ ಪಾಠ ಹೇಳ್ತೀಯೇನೋ? ಹೆಂಗಸು, ಪುಟ್ಟ ಕೈ. ಇರೋದರಲ್ಲೇ ಚಿಕ್ಕದು, ಹಗುರದ್ದು ಕೊಡು!"

ಕೊಟ್ಟ. ಐದು ಗುಂಡಿನ ಗಿಡ್ಡ ರಿವಾಲ್ವರ್, ಹಿಡಿ ನೇರಳೆ ಬಣ್ಣದ್ದು. ಅಂಗೈಯಲ್ಲಿ ಇಟ್ಟರೆ ಗುಬ್ಬಚ್ಚಿ ಕೂತಂತೆ! ಶನಿವಾರ ಬೆಳಿಗ್ಗೆ ರಿಬ್ಬನ್ ಕಟ್ಟಿ ಕೊಟ್ಟೆ. ಲೊರೀನ್ ಅದನ್ನು ತುಂಬ ಹೊತ್ತು ನೋಡಿ, "ಕೈಗವಸು ಸಣ್ಣದಾಯ್ತೇನೋ," ಅಂದಳು. ಸಂತೋಷದಿಂದ ನಾಲಿಗೆ ತಡವರಿಸುತ್ತಿದೆ ಅಂದುಕೊಂಡೆ. ತರಗತಿಗೂ ಜೊತೆಯಲ್ಲೇ ಹೊರಟೆ. ಗುರುವಿಗೆ ಒಬ್ಬ ಗುರು ಬೇಡವೆ?

ವರ್ನಾಗೆ ಅರವತ್ತೆಂಟು ವರ್ಷ. ಮೂವತ್ತು ವರ್ಷ ಬಸ್ಸಿನ ತುಂಬ ಮಕ್ಕಳನ್ನು ಕನ್ನಡಿಯಲ್ಲಿ ನೋಡಿಯೇ ಸುಮ್ಮನಾಗಿಸಿದ ಕಣ್ಣು ಅವರದು. ಆ ಕಣ್ಣು ನನ್ನ ಮೇಲೆ ಬಿತ್ತು.

"ಹರ್ಶೆಲ್, ಹಿಂದಿನ ಬೆಂಚು. ಬಾಯಿ ಮುಚ್ಚಿಕೊಂಡು."

ಕೂತೆ.

ಗುರಿ ಹೊಡೆಯುವ ಸರದಿ ಬಂತು. ಲೊರೀನ್ ನೇರಳೆ ಗುಬ್ಬಚ್ಚಿಯನ್ನು ಎತ್ತಿದಳು. ಢಂ! ಅದು ಗುಬ್ಬಚ್ಚಿ ಅಲ್ಲ, ಹೇಸರಗತ್ತೆ! ಅವಳ ಕೈ ಒದೆಸಿಕೊಂಡು ಕಿವಿಯವರೆಗೆ ಹಾರಿತು. ಐದು ಗುಂಡಿನಲ್ಲಿ ಒಂದೂ ಗುರಿಯ ಕಾಗದ ಮುಟ್ಟಲಿಲ್ಲ. ರಿವಾಲ್ವರನ್ನು ಮೆಲ್ಲಗೆ ಕೆಳಗಿಟ್ಟಳು. ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತು ರಕ್ತ ಬಂದಿತ್ತು.

"ಯಾರು ಕೊಡಿಸಿದ್ದು?" ವರ್ನಾ ಕೇಳಿದರು. ಏಳು ಜನ ಹೆಂಗಸರೂ ಒಟ್ಟಿಗೆ ಹಿಂದಿನ ಬೆಂಚಿನ ಕಡೆ ತಿರುಗಿದರು.

"ಅದು ಹಿಡಿಯೋ ರೀತಿ ತಪ್ಪು!" ಅಂತ ಎದ್ದೆ. "ಗುಂಡು ಹೊಡೆಯೋದಕ್ಕೆ ಗುಂಡಿಗೆ ಬೇಕು! ಕೊಡಿ ಇಲ್ಲಿ."

ಕೊಟ್ಟರು. ಹೊಡೆದೆ. ಮೊದಲ ಗುಂಡಿಗೆ ಕೈ ಜುಮ್ಮೆಂದಿತು, ಎರಡನೆಯದಕ್ಕೆ ಕಣ್ಣಲ್ಲಿ ನೀರು, ಮೂರನೆಯದಕ್ಕೆ ನನ್ನ ಬಾಯಿಂದ ಬಂದ ಮಾತನ್ನು ಪಾದ್ರಿಗಳ ಹೆಂಡತಿ ಎದುರಿಗೆ ಆಡಬಾರದಿತ್ತು. ಅವರು ಮೊದಲ ಸಾಲಿನಲ್ಲೇ ಇದ್ದರು. ನನ್ನ ಐದರಲ್ಲಿ ಒಂದೇ ಒಂದು ಕಾಗದಕ್ಕೆ ತಾಗಿತು. ಪಕ್ಕದವರ ಕಾಗದಕ್ಕೆ!

"ಗನ್ ಹಗುರವಾದಷ್ಟೂ ಒದೆತ ಜಾಸ್ತಿ," ಅಂದರು ವರ್ನಾ, ನನ್ನನ್ನು ನೋಡದೆ. "ಈ ಜಾತಿಯದು ಡೆಲ್ಬರ್ಟ್ ಅಂಗಡೀಲಿ ಒಂದು ಕಪಾಟು ತುಂಬ ಇದೆ. ಎಲ್ಲಾ ಐದೇ ಗುಂಡು ಹಾರಿಸಿ ವಾಪಸ್ ಬಂದಿದ್ದು. ನಾವು ಅದಕ್ಕೆ ಗಂಡಂದಿರ ಕಪಾಟು ಅಂತೀವಿ."

ಹೆಂಗಸರ ನಗು ಛಾವಣಿಗೆ ಮುಟ್ಟಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ, ನನಗೆ ಮೀಸೆಯೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆಯನ್ನು ನಾನೇ ನಗುತ್ತ ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ.

ವರ್ನಾ ಲೊರೀನಳ ಹೆಬ್ಬೆರಳಿಗೆ ಪಟ್ಟಿ ಸುತ್ತುತ್ತ ಕೇಳಿದರು: "ಯಾವುದು ಬೇಕು ಅಂತ ಆಮೇಲೆ ನೋಡೋಣ, ಚಿನ್ನ. ಯಾಕೆ ಬೇಕು, ಅದು ಹೇಳು."

ಲೊರೀನ್ ಹೇಳಿದಳು. ಹಳ್ಳದ ಕಡೆ ಒಬ್ಬ ಮುದುಕನ ಕಾಲಿಗೆ ಪಟ್ಟಿ ಕಟ್ಟಲು ಹೋಗುತ್ತಾಳೆ. ಜೈಲಿನಿಂದ ಬಂದ ಅವನ ಮಗ, ಇವಳು ಹೊರಡುವ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಮೊದಲ ವಾರ, ಯಾವ ರಸ್ತೇಲಿ ಹೋಗ್ತೀರಿ ಅಂತ ಕೇಳಿದ. ಎರಡನೇ ವಾರ, ಗಂಡ ಮನೇಲಿ ಎಷ್ಟು ಹೊತ್ತಿಗಿರ್ತಾನೆ ಅಂದ. ಕಳೆದ ಸೋಮವಾರ ನಗುತ್ತ, "ಟರ್ನಿಪ್ ಚೆನ್ನಾಗಿದೆಯಾ?" ಅಂದ.

ಟರ್ನಿಪ್ ನಮ್ಮ ನಾಯಿ. ಅದರ ಹೆಸರನ್ನು ಲೊರೀನ್ ಅವನಿಗೆ ಹೇಳಿರಲಿಲ್ಲ. ಅದನ್ನು ಕಟ್ಟಿರುವುದು ನಮ್ಮ ಹಿತ್ತಲಲ್ಲಿ.

"ಗಂಡನಿಗೆ ಹೇಳಲಿಲ್ವಾ?" ವರ್ನಾ ಕೇಳಿದರು.

ಲೊರೀನ್ ನನ್ನ ಕಡೆ ನೋಡಲಿಲ್ಲ. "ಹೇಳೋಕೆ ಹೋದೆ," ಅಂದಳು. "ಅವನು ಪಾಪ, ಬಿಡುವಾಗಿರಲಿಲ್ಲ."

ಆ "ಪಾಪ" ಅನ್ನುವ ಮಾತು ಇದೆಯಲ್ಲ, ಅದರ ಮುಂದೆ ಯಾವ ಗುಂಡೂ ಸಾಟಿಯಲ್ಲ! ಪಾದ್ರಿಗಳ ಹೆಂಡತಿ ತಲೆ ತಗ್ಗಿಸಿದರು. ನಾನು ನನ್ನ ಬೂಟುಗಳನ್ನು ನೋಡುತ್ತ ಕೂತೆ. ದಾರ ಪೋಣಿಸಲು ಒಂದೊಂದರಲ್ಲೂ ಹನ್ನೆರಡು ತೂತುಗಳಿವೆ. ಎಷ್ಟು ಸಲ ಎಣಿಸಿದೆನೋ.

ವರ್ನಾ ಮೇಜಿನ ಮೇಲೆ ಆರು ಪಿಸ್ತೂಲು ಸಾಲಾಗಿ ಇಟ್ಟರು. ಲೊರೀನ್ ಒಂದೊಂದನ್ನೇ ಹಿಡಿದು ನೋಡಿದಳು. ಕೊನೆಗೆ ಅವಳು ಆರಿಸಿದ್ದು ಬಣ್ಣವಿಲ್ಲದ, ಅಂದವಿಲ್ಲದ, ಸ್ವಲ್ಪ ದಪ್ಪನೆಯದು. ಹತ್ತು ಗುಂಡಿಗೆ ಹತ್ತೂ ಕಾಗದಕ್ಕೆ, ಒಂದು ತಟ್ಟೆಯಷ್ಟು ಜಾಗದೊಳಗೆ. ಆಮೇಲೆ ವರ್ನಾ, "ಇದು ಕೊನೇ ಉಪಾಯ, ಚಿನ್ನ. ಮೊದಲ ಉಪಾಯ ಬಾಯಿ. ಮೊದಲು ನಿಮ್ಮ ಆಫೀಸಿಗೆ ಹೇಳು, ಶೆರಿಫ್‌ಗೆ ಹೇಳು," ಅಂದರು. ಅಲ್ಲಿಂದಲೇ ಲೊರೀನ್ ಇಬ್ಬರಿಗೂ ಫೋನ್ ಮಾಡಿದಳು. ಮುಂದಿನ ವಾರದಿಂದ ಆ ಮನೆಗೆ ಒಬ್ಬ ಗಂಡಸು ನರ್ಸ್ ಹೋಗುವುದು ಅಂತಾಯಿತು. ಶೆರಿಫ್‌ನ ಪೊಲೀಸರು ಆವತ್ತೇ ಹೋಗಿ ಆ ಮಗನ ಹತ್ತಿರ ಮಾತಾಡಿ ಬರುತ್ತೇವೆ ಅಂದರು.

ವಾಪಸು ಬರುವಾಗ ನಾನು ಕಾರು ಓಡಿಸಿದೆ. "ಮೊದಲಿಂದ ಹೇಳು," ಅಂದೆ. ಲೊರೀನ್ ಹೇಳಿದಳು. ಆ ಮನೆಯ ವಾಸನೆ, ಕಾರಿನ ಬೀಗಕ್ಕೆ ಕೀಲಿ ಎರಡು ಸಲ ತಪ್ಪಿದ್ದು, ದಾರಿಯುದ್ದಕ್ಕೂ ಕನ್ನಡಿ ನೋಡಿಕೊಂಡು ಬಂದದ್ದು, ಎಲ್ಲವನ್ನೂ. ಇಪ್ಪತ್ತು ಮೈಲಿ. ನಾನು ಒಂದು ಸಲವೂ ಬಾಯಿ ಹಾಕಲಿಲ್ಲ.

ಮನೆಯ ಮುಂದೆ ಕಾರು ನಿಂತಿತು. ಲೊರೀನ್ ಮಾತು ಮುಗಿಸಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಗಾಬರಿ! ತಟಕ್ಕನೆ ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸತೊಡಗಿದಳು.

"ನಾಡಿ ಸರಿಯಾಗೇ ಇದೆ," ಅಂದಳು. "ಎದೆ ನೋವೇನಾದ್ರೂ ಇದೆಯಾ, ಹರ್ಶೆಲ್? ಇಪ್ಪತ್ತು ಮೈಲಿ ನೀನು ಸುಮ್ಮನಿದ್ದೆ!"